ಇನ್ನೂ ಒಣಗಿಲ್ಲ

ಏ, ಕೇಳ್ರಪ್ಪಾ, ಆ ಕಡೆ ನಿಂತವರೂ ಇತ್ತ ಬನ್ನಿ, ನಮ್ಮ ಬೀದಿಯ ಬಿರುಕು ಮಾಮನ ಸಮಾಚಾರ ಹೇಳ್ತೀನಿ! ಎಲೆಕ್ಟ್ರಿಕ್ ಗಿಟಾರಿಗೆ ಬಿರುಕು ಬಣ್ಣ ಹಾಕುವುದೆಂದರೆ ಆತನೇ. ಅಡಿಯಲ್ಲಿ ಕೆಂಪು ಬಳಿದು, ಮೇಲೆ ಕಪ್ಪು ಹೊಡೆದು, ಅದು ಒಣಗುತ್ತಾ ಬತ್ತಿದ ಕೆರೆಯಂತೆ ಬಿರಿಯುವುದನ್ನು ಉಸಿರು ಬಿಗಿಹಿಡಿದು ಕಾಯುತ್ತಾನೆ. ಆಗ ನೊಣ ಹಾರಿದರೂ ಅದಕ್ಕೆ ಬೈಗುಳ. "ಹೊಸದನ್ನ ಹಳೇದು ಮಾಡಿ ಅಂತ ದುಂಬಾಲು ಬೀಳ್ತೀರಲ್ಲ, ನಾನು ಪುಕ್ಕಟೆ ಹಳೇದಾಗಿದೀನಿ, ಯಾರಿಗೆ ಬೇಕು?" ಎಂದು ಗಿರಾಕಿಗಳನ್ನು ನಗಿಸುತ್ತಾನೆ. ಯಾವಾಗ ಹೋದರೂ ಒಂದೇ ಮಾತು: "ಇನ್ನೂ ಒಣಗಿಲ್ಲ, ನಾಳೆ ಬಾ. ಬಂದಿದೀಯಲ್ಲ, ಕೂತ್ಕೋ." ಮಳೆಗೂ ಅದೇ, ಸುಡುಬಿಸಿಲಿಗೂ ಅದೇ. ಗಿಟಾರ್ ಕೊಟ್ಟ ಹುಡುಗಿಯೊಬ್ಬಳು ಹೀಗೆ ಒಂಬತ್ತು ದಿನ ಬಂದು, ಕೂತು, ಹರಟಿ ಹೋದಳು. ಹತ್ತನೆಯ ದಿನ ಸಂಜೆ ಅವಳ ಮೊದಲ ಕಾರ್ಯಕ್ರಮ. ತಡೆಯಲಾರದೆ ಬಣ್ಣದ ಮೇಲೆ ಬೆರಳಿಟ್ಟೇಬಿಟ್ಟಳು. "ಮಾಮಾ, ಇದು ಒಣಗಿ ವಾರ ಆಗಿದೆ!" ಆತ ಕುಂಚ ಒರೆಸುತ್ತಾ, "ಒಣಗಿದೆ ಅಂದಿದ್ರೆ ನೀನು ಅವತ್ತೇ ತಗೊಂಡು ಹೋಗ್ಬಿಡ್ತಿದ್ದೆ ಕಣಮ್ಮಾ" ಎಂದ. ಅವಳು ಗಿಟಾರನ್ನು ಹೆಗಲಿಗೇರಿಸಿ ಓಡಿದಳು. ಮಾಮ ಗಿಟಾರ್ ತೂಗುಹಾಕಿದ್ದ ಖಾಲಿ ಕೊಕ್ಕೆಯನ್ನೇ ನೋಡುತ್ತಾ ನಿಂತ. ಆಮೇಲೆ ತನ್ನದೇ ಊಟದ ಡಬ್ಬಿಯ ಮುಚ್ಚಳ ತೊಳೆದು, ತಂತಿ ಕಟ್ಟಿ ಅಲ್ಲಿ ನೇತುಹಾಕಿ, ಅದಕ್ಕೆ ಕೆಂಪು ಬಳಿದ.