ಬಾಲಕತ್ತರಿ
ಆಫೀಸಿನಲ್ಲಿ ಎಲ್ಲರೂ ಅವರನ್ನು ‘ಬಾಲಕತ್ತರಿ’ ಅಂತಲೇ ಕರೆಯುವುದು, ಅದೂ ಎದುರಿಗೇ. ಹೊಸಬರು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ಪ್ರೋಗ್ರಾಂಗೂ ಸಿ ಭಾಷೆಯ ಸಿದ್ಧ ಪ್ರೋಗ್ರಾಂಗಳ ಮುದಿ ಲೈಬ್ರರಿಗೂ ಮಾತುಕತೆ ಕುದುರಿಸುವುದು ಅವರ ಕಸುಬು. ಹೊಸದು ಲೈಬ್ರರಿಯಿಂದ ಕರೆಯುವ ಪ್ರತಿಯೊಂದು ಹೆಸರಿಗೂ ಗುಟ್ಟಾಗಿ ಮಾರುದ್ದ ಬಾಲ ಕಟ್ಟಿ ಕೂಗುತ್ತದೆ. ಹಳೆಯದಕ್ಕೆ ಗೊತ್ತಿರುವುದು ಬರೀ ಹೆಸರು, ಹಾಗಾಗಿ ‘ಅಂಥವರು ಯಾರೂ ಇಲ್ಲಿಲ್ಲ’ ಎಂದು ಕದ ಹಾಕಿಕೊಳ್ಳುತ್ತದೆ. “ಅದೇನು ಸತ್ತಿಲ್ಲ ಕಣ್ರೋ, ಬರೀ ಹೆಸರು ಹಿಡಿದು ಕೂಗಿ, ಓಗೊಡುತ್ತೆ” ಎಂದು ಗದರಿ, ಹೊಸ ಪ್ರೋಗ್ರಾಂನ ತಲೆಯ ಮೇಲೊಂದು ಸಾಲು ಬರೆದು ಇವರು ಬಾಲ ಕತ್ತರಿಸುತ್ತಾರೆ. ಈ ಚಟ ಕಂಪ್ಯೂಟರಿನಲ್ಲೇ ನಿಂತಿದ್ದರೆ ಪುಣ್ಯ. ನಿರ್ದೇಶಕರ ಬಾಗಿಲ ಫಲಕದಿಂದ ಪದವಿಗಳನ್ನೆಲ್ಲ ಸ್ಕ್ರೂಡ್ರೈವರ್ ಹಾಕಿ ಮೀಟಿ ತೆಗೆದರು. ಸಭೆಯಲ್ಲಿ ಅತಿಥಿಯನ್ನು ಬಿರುದುಬಾವಲಿಯೊಂದಿಗೆ ಪರಿಚಯಿಸುತ್ತಿದ್ದಾಗ ಎದ್ದು ನಿಂತು, “ಇದರಲ್ಲಿ ಹೆಸರು ಯಾವುದು ಸ್ವಾಮಿ?” ಅಂದರು. ಮನೆಯಲ್ಲಿ ‘ರೀ, ರೀ’ ಅಂದು ಅಂದು ಹೆಂಡತಿಯ ಗಂಟಲು ಒಣಗಿದೆ. “ಹೆಸರು ಹಿಡಿದು ಕೂಗಿದರೇನೇ ಊಟಕ್ಕೆ ಬರೋದಾ ನಿಮ್ಮ ಸವಾರಿ?” ಅದೇ ಮನೆಯಲ್ಲಿ, ಎಲ್ಲ ಮರೆತು ಕೂತ ಅವರ ತಾಯಿ ನಿನ್ನೆಯಿಂದ ಅನ್ನಕ್ಕೆ ಬಾಯಿ ತೆರೆದಿರಲಿಲ್ಲ. ಸೊಸೆ ‘ಅತ್ತೆ’ ಅಂದರು, ಮೊಮ್ಮಗಳು ‘ಅಜ್ಜಿ’ ಅಂದಳು. ಮುದುಕಿ ಗೋಡೆ ನೋಡುತ್ತಲೇ ಇದ್ದರು. ಲೋಕದ ಬಾಲವನ್ನೆಲ್ಲ ಕತ್ತರಿಸಿದ ಮನುಷ್ಯ ತುತ್ತು ಹಿಡಿದು ಪಕ್ಕದಲ್ಲಿ ಕೂತು, ‘ಅಮ್ಮ’ ಎಂಬುದೊಂದನ್ನು ಕತ್ತರಿಸಲಾರದೆ ಬಹಳ ಹೊತ್ತು ಒದ್ದಾಡಿದರು. ಕೊನೆಗೆ, ಹಿಂದೆ ತಾಯಿಯ ತಾಯಿ ಹಿತ್ತಲಿಂದ ಮಗಳನ್ನು ಕೂಗುತ್ತಿದ್ದ ಹಾಗೆ, ಹೆತ್ತ ತಾಯಿಯನ್ನು ಬರೀ ಹೆಸರು ಹಿಡಿದು, “ಬಾರೇ, ಉಣ್ಣು ಬಾ” ಎಂದು ಕೂಗಿದರು. “ಓ… ಬಂದೆ!” ಎಂದು ಗೋಡೆಯಿಂದ ಇತ್ತ ತಿರುಗಿ ಬಾಯಿ ತೆರೆದಳು ಆ ಹುಡುಗಿ.