ಸಾಹುಕಾರರ ಸದ್ದಿಲ್ಲದ ಕಾರು

ಕೊಡಗಿನ ಮಾದಾಪುರದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ರೈಟರ್ ಆಗಿದ್ದೇನೆ. ಆಳುಗಳ ಹಾಜರಿ, ಕುಯ್ದ ಹಣ್ಣಿನ ತೂಕ, ಗೊಬ್ಬರದ ಮೂಟೆ, ಎಲ್ಲವೂ ನನ್ನ ಪುಸ್ತಕಕ್ಕೆ ಹತ್ತಬೇಕು. ಇಷ್ಟು ಜವಾಬ್ದಾರಿಯ ಮನುಷ್ಯನಿಗೆ ಮಧ್ಯಾಹ್ನ ಊಟವಾದ ಮೇಲೆ ಸ್ಟೋರಿನ ಗೋಣಿಚೀಲಗಳ ಮೇಲೆ ಮುಕ್ಕಾಲು ಗಂಟೆ ಕಣ್ಣು ಮುಚ್ಚುವ ಹಕ್ಕಿದೆ ಎಂದು ನಾನು ಮೊದಲಿನಿಂದಲೂ ನಂಬಿದ್ದೆ. ಸಾಹುಕಾರರನ್ನು ಈ ಬಗ್ಗೆ ಕೇಳಿರಲಿಲ್ಲ, ಅಷ್ಟೇ.

ಕೇಳುವ ಅಗತ್ಯವೂ ಬಿದ್ದಿರಲಿಲ್ಲ. ಸಾಹುಕಾರರ ಮನೆ ಮಡಿಕೇರಿಯಲ್ಲಿ. ದಿನಾ ಒಂದು ಹಳೇ ಡೀಸೆಲ್ ಜೀಪಿನಲ್ಲಿ ತೋಟಕ್ಕೆ ಬರುತ್ತಿದ್ದರು. ಟಾರು ರಸ್ತೆ ಬಿಟ್ಟು ನಮ್ಮ ಆಫೀಸಿಗೆ ಏರುವ ದಾರಿಯಲ್ಲಿ ಮೂರು ತಿರುವುಗಳಿವೆ. ಮೊದಲನೇ ತಿರುವಿನಲ್ಲಿ ಜೀಪು ನರಳಿದಾಗ ನಾನು ಕಣ್ಣು ಬಿಡುತ್ತಿದ್ದೆ. ಎರಡನೇ ತಿರುವಿಗೆ ಮುಖ ತೊಳೆದು ಆಗಿರುತ್ತಿತ್ತು. ಮೂರನೆಯದಕ್ಕೆ ಕನ್ನಡಕ ಮೂಗಿನ ಮೇಲೆ, ಪೆನ್ನು ಕೈಯಲ್ಲಿ, ಹಣೆಯ ಮೇಲೆ ಚಿಂತೆಯ ಎರಡು ಗೆರೆ. ನಾನೊಬ್ಬನೇ ಅಲ್ಲ, ಮೇಸ್ತ್ರಿ ಬೀಡಿ ಆರಿಸುತ್ತಿದ್ದ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯವನು ಮೊಬೈಲನ್ನು ಜೇಬಿಗಿಳಿಸುತ್ತಿದ್ದ. ನೆರಳಿನಲ್ಲಿ ಕಾಲು ಚಾಚಿ ಕೂತು ಲೋಕಾಭಿರಾಮ ಮಾತಾಡುತ್ತಿದ್ದ ಹೆಂಗಸರು ಚೀಲ ಸೊಂಟಕ್ಕೆ ಬಿಗಿದುಕೊಂಡು ಗಿಡಗಳ ಕಡೆ ಓಡುತ್ತಿದ್ದರು. ಸಾಹುಕಾರರು ಬಂದು ನೋಡಿದರೆ ಇಡೀ ತೋಟ ಬೆವರು ಸುರಿಸಿ ದುಡಿಯುತ್ತಿರುತ್ತಿತ್ತು. ಅವರಿಗೂ ಸಂತೋಷ, ನಮಗೂ ಸಂತೋಷ.

ಆಮೇಲೆ ಎರಡು ವರ್ಷ ಕಾಫಿಗೆ ಒಳ್ಳೆಯ ರೇಟು ಬಂತು. ಅರವತ್ತು ದಾಟಿದ, ಮೊಣಕಾಲು ನೋವಿನ ನಮ್ಮ ಸಾಹುಕಾರರು ರೇಸಿಗೆ ಬಿಡುವಂಥ ಒಂದು ಎಲೆಕ್ಟ್ರಿಕ್ ಕಾರು ತಂದರು. ಕಪ್ಪು ಬಣ್ಣ, ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡ. ಬಾಗಿಲಿಗೆ ಹಿಡಿಯೇ ಕಾಣುವುದಿಲ್ಲ. ಯಜಮಾನರು ಹತ್ತಿರ ಬಂದರೆ ಮಾತ್ರ ಅದು ಹೊರಗೆ ಬರುತ್ತದೆ. ನಾನು ಹತ್ತಿರ ಹೋದರೆ ಬರಲಿಲ್ಲ. ನಿಂತ ಕಾರು ನೂರರ ವೇಗ ಹಿಡಿಯಲು ಮೂರೇ ಮೂರು ಸೆಕೆಂಡು ಸಾಕು ಎಂದು ಅವರು ವಿವರಿಸಿದರು. ಕೊಡಗಿನಲ್ಲಿ ಮೂರು ಸೆಕೆಂಡು ನೆಟ್ಟಗೆ ಹೋಗುವ ರಸ್ತೆ ಎಲ್ಲಿದೆ ಎಂದು ಕೇಳಬೇಕೆನಿಸಿತು.

ಅಂಥ ರಸ್ತೆ ಕುಶಾಲನಗರದ ಕಡೆ ಒಂದಿಷ್ಟು ಇದೆ. ಗೊಬ್ಬರ ತರುವ ನೆಪದಲ್ಲಿ ನನ್ನನ್ನೂ ಕೂರಿಸಿಕೊಂಡು ಅಲ್ಲಿಗೆ ಹೊರಟರು. ಇಷ್ಟು ದುಬಾರಿ ಕಾರಿನಲ್ಲಿ ಗೊಬ್ಬರದ ಮೂಟೆ ಹೇಗೆ ತರುವುದು ಎಂದು ಇಬ್ಬರೂ ಯೋಚಿಸಲಿಲ್ಲ. ಸೀಟಿನ ಸುಖವನ್ನು ಏನೆಂದು ಹೇಳಲಿ? ಬೇಕೆಂದಾಗ ಬೆನ್ನು ಒತ್ತುತ್ತದೆ, ಕೆಳಗಿನಿಂದ ತಂಪು ಗಾಳಿ ಬಿಡುತ್ತದೆ. ನನ್ನ ಬೆನ್ನಿಗೆ ಅಷ್ಟು ಮರ್ಯಾದೆ ಅದುವರೆಗೆ ಯಾರೂ ಕೊಟ್ಟಿರಲಿಲ್ಲ. ನೆಟ್ಟಗಿನ ರಸ್ತೆ ಸಿಕ್ಕ ಕೂಡಲೇ ಸಾಹುಕಾರರು ಕಾಲು ಒತ್ತಿದರು. ನನ್ನ ತಲೆ ಸೀಟಿಗೆ ಅಂಟಿಕೊಂಡಿತು, ಬಾಯಲ್ಲಿದ್ದ ಎಲೆಅಡಿಕೆ ನನ್ನನ್ನು ಕೇಳದೆ ಹೊಟ್ಟೆಗೆ ಇಳಿಯಿತು. ಪಕ್ಕಕ್ಕೆ ತಿರುಗಿ ನೋಡಿದರೆ ಸಾಹುಕಾರರು ಶಾಲೆಗೆ ಚಕ್ಕರ್ ಹೊಡೆದ ಹುಡುಗನ ಹಾಗೆ ನಗುತ್ತಿದ್ದರು. ಅವರು ಹಾಗೆ ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ನೋಡಿಯೇ ಇರಲಿಲ್ಲ. ಸುಳ್ಳೇಕೆ, ನನಗೂ ಇನ್ನೊಂದು ಸಲ ಒತ್ತಲಿ ಅನಿಸಿತು.

ನನ್ನ ಹುಟ್ಟೂರು ಅದೇ ರಸ್ತೆಯಲ್ಲಿದೆ. ನಮ್ಮ ತಾತ ಹಾಸನದ ಕಡೆಯಿಂದ ಬಂದು ಅಲ್ಲಿ ಗದ್ದೆ ಮಾಡಿದವರು. ಊರು ಹತ್ತಿರವಾದಾಗ ಕಿಟಕಿ ಇಳಿಸಿ, ಮೊಣಕೈ ಹೊರಗಿಟ್ಟು, ಗುರುತಿನವರು ಕಂಡಾರು ಎಂದು ಕೂತೆ. ಹೋಟೆಲಿನ ಮುಂದೆ ನನ್ನ ಚಿಕ್ಕಪ್ಪನೇ ನಿಂತಿದ್ದರು. ಕಾರಿಗೆ ಸದ್ದಿಲ್ಲವಲ್ಲ, ಅವರು ತಲೆ ಎತ್ತಲೇ ಇಲ್ಲ.

ಬರುವಾಗ ಕಾರಿನ ಇನ್ನೊಂದು ಮುಖ ಕಂಡಿತು. ಎರಡು ಸಲ ಕಾಲು ಒತ್ತಿದ ಸಂಭ್ರಮಕ್ಕೆ ಚಾರ್ಜು ಸರ್ರನೆ ಇಳಿದಿತ್ತು. ಹಿಂದಿನ ದಿನ ಮಡಿಕೇರಿಯಲ್ಲಿ ಕರೆಂಟು ಹೋಗಿದ್ದರಿಂದ ಪೂರ್ತಿ ತುಂಬಿಯೂ ಇರಲಿಲ್ಲ. ಸಾಹುಕಾರರು ಎಸಿ ಆರಿಸಿದರು, ಬೆನ್ನು ಒತ್ತುವುದನ್ನು ನಿಲ್ಲಿಸಿದರು, ಪಾಟು ಪಾಟು ಎನ್ನುತ್ತಾ ಹೋಗುವ ಟಿಲ್ಲರಿನ ಹಿಂದೆ ಅದೇ ವೇಗದಲ್ಲಿ ಬಂದರು. ತೋಟ ಸೇರಿ ಪಲ್ಪರ್ ಮನೆಯಲ್ಲಿ ಚಾರ್ಜಿಗೆ ಹಾಕಿದಾಗ ಪಲ್ಪರ್ ನಿಂತಿತು, ಆಫೀಸಿನ ಫ್ಯಾನು ನಿಂತಿತು, ಆಳುಗಳ ಲೈನ್ ಮನೆಗಳ ಟಿವಿಗಳೂ ನಿಂತವು. ಕಾರಿನ ಹೊಟ್ಟೆ ಉಜ್ಜಬಾರದೆಂದು ದಾರಿಯ ಗುಂಡಿಗಳಿಗೆ ಮಣ್ಣು ತುಂಬಿಸುವ ಕೆಲಸವೂ ನನ್ನ ತಲೆಗೇ ಬಂತು. ಇದೆಲ್ಲ ಸಹಿಸಬಹುದಿತ್ತು. ಆ ಕಾರಿನ ನಿಜವಾದ ಕೆಡುಕು ನನಗೆ ಗೊತ್ತಾಗಿದ್ದು ಮುಂದಿನ ವಾರ.

ಅಂದು ಮಧ್ಯಾಹ್ನ ಗೋಣಿಚೀಲದ ಮೇಲೆ ನಿದ್ದೆ ಹೋದವನು ನನ್ನಷ್ಟಕ್ಕೇ ಎದ್ದೆ. ಹಾಜರಿ ಪುಸ್ತಕದ ಮೇಲೆ ತೆರೆದಿಟ್ಟಿದ್ದ ಪೆನ್ನಿಗೆ ಯಾರೋ ಮುಚ್ಚಳ ಹಾಕಿದ್ದರು. ಹೊರಗೆ ಬಂದು ನೋಡಿದರೆ ಅಂಗಳದ ಮಣ್ಣಿನಲ್ಲಿ ಅಗಲವಾದ ಟಯರಿನ ಗುರುತು. ಸಾಹುಕಾರರು ಬಂದು, ನೋಡಿ, ಏನೂ ಮಾತಾಡದೆ ಹೋಗಿದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹೋಗುವಾಗ ಬೀಡಿ ಸೇದುತ್ತಿದ್ದ ಮೇಸ್ತ್ರಿಯ ಪಕ್ಕದಲ್ಲೇ ಕಾರು ಹಾದು ಹೋಯಿತಂತೆ. ಜೀರುಂಡೆಗಳ ಗಲಾಟೆಯಲ್ಲಿ ಅದರ ಸಣ್ಣ ಗುಂಯ್ ಸದ್ದು ಅವನಿಗೂ ಕೇಳಿಸಿರಲಿಲ್ಲ.

ನನಗೆ ನಿಜಕ್ಕೂ ಭಯವಾಯಿತು. ಸಾಹುಕಾರರಿಗೆ ಬಾಳೆಲೆ ಎಂಬ ಊರಿನ ಹತ್ತಿರ ಇನ್ನೊಂದು ತೋಟವಿದೆ. ಅಲ್ಲಿ ಹಾಜರಿ ಹಾಕುವುದಕ್ಕೆ ಫೋನಿನಲ್ಲೇ ಒಂದು ಆ್ಯಪ್ ಬಂದು, ಅಲ್ಲಿನ ರೈಟರ್ ಹಿಂದಿನ ವರ್ಷವೇ ಕೆಲಸ ಕಳೆದುಕೊಂಡು ಮನೆಗೆ ಹೋಗಿದ್ದ. ನನಗೆ ಐವತ್ತೇಳು. ಇರುವ ಮನೆಯೂ ಎಸ್ಟೇಟಿನದೇ. ಈ ವಯಸ್ಸಿನಲ್ಲಿ ಹೊಸದಾಗಿ ಯಾರು ಕೆಲಸ ಕೊಡುತ್ತಾರೆ? ಇನ್ನೊಂದು ಸಲ ಸಿಕ್ಕಿಬಿದ್ದರೆ ಮುಗಿಯಿತು ಎಂದು ಖಾತ್ರಿಯಾಯಿತು. ನಿದ್ದೆ ಬಿಡುವುದು ಸುಲಭದ ದಾರಿ. ಆದರೆ ನನ್ನ ಬುದ್ಧಿ ಕಾರಿಗೆ ಸದ್ದು ಬರಿಸುವ ಕಡೆಗೇ ಓಡಿತು.

ಆಗ ಬೇಸಗೆ ಶುರುವಾಗುವ ಕಾಲ, ಕಾಫಿಗೆ ನೆರಳು ಕೊಡುವ ಸಿಲ್ವರ್ ಓಕ್ ಮರಗಳು ಎಲೆ ಉದುರಿಸುತ್ತಿದ್ದವು. ಒಣಗಿದ ಸಿಲ್ವರ್ ಎಲೆಯ ಮೇಲೆ ಬೆಕ್ಕು ನಡೆದರೂ ಚರಚರ ಎನ್ನುತ್ತದೆ. ಎರಡನೇ ತಿರುವಿನಲ್ಲಿ ಗುಡಿಸಬೇಡಿ ಎಂದು ಹೇಳಿದೆ. ಸಾಲದೆಂದು ತೋಟದೊಳಗಿನಿಂದ ಎಂಟು ಬುಟ್ಟಿ ಎಲೆ ತರಿಸಿ ದಾರಿಯುದ್ದಕ್ಕೂ ಹರಡಿಸಿದೆ. ಮಣ್ಣಿನ ತೇವ ಉಳಿಯಲು ಎಂದು ಕಾರಣ ಕೊಟ್ಟೆ. ನನಗಿಂತ ಮೊದಲಿನಿಂದ ತೋಟದಲ್ಲಿರುವ ಒಬ್ಬ ಹೆಂಗಸು ಬುಟ್ಟಿ ಸುರಿಯುತ್ತಾ, "ಏನ್ ರೈಟ್ರೇ, ಸಾವ್ಕಾರ್ರಿಗೆ ಹಾಸಿಗೆ ಹಾಸ್ತಿದ್ದೀರ, ಇಲ್ಲ ನಿಮಗಾ?" ಎಂದಳು. ನಾನು ಕೇಳಿಸಿಕೊಳ್ಳದವನಂತೆ ಪುಸ್ತಕ ತಿರುವಿದೆ.

ಉಪಾಯ ಫಲಿಸಿತು. ಒಂಬತ್ತು ದಿನ ಎಲೆಗಳು ಚರಚರ ಎಂದವು, ಒಂಬತ್ತು ದಿನವೂ ಸಾಹುಕಾರರು ಬಂದಾಗ ನಾನು ಹಣೆ ಗಂಟಿಕ್ಕಿ ಬರೆಯುತ್ತಿದ್ದೆ. ನನ್ನ ಬುದ್ಧಿವಂತಿಕೆಯನ್ನು ನಾನೇ ಮೆಚ್ಚಿಕೊಂಡೆ. ಮಳೆಯೊಂದು ಇದೆ ಎನ್ನುವುದನ್ನು ಮಾತ್ರ ಮರೆತಿದ್ದೆ.

ಹತ್ತನೇ ದಿನ ಬೆಳಿಗ್ಗೆ ಹೂಮಳೆ ಬಂತು. ಕಾಫಿಯ ಮೊಗ್ಗು ಅರಳಿಸುವ ಮೊದಲ ಮಳೆ. ಅದಕ್ಕಾಗಿ ಇಡೀ ಕೊಡಗು ಆಕಾಶ ನೋಡುತ್ತಾ ಕೂತಿರುತ್ತದೆ. ನಮ್ಮಲ್ಲಿ ಎಪ್ಪತ್ತು ಸೆಂಟ್, ಅಂದರೆ ಮುಕ್ಕಾಲು ಇಂಚಿನ ಹತ್ತಿರ ಮಳೆ ಆಗಿದೆ ಎಂದು ಫೋನು ಮಾಡಿ ತಿಳಿಸಿದೆ. ಸಾಹುಕಾರರು ಖುಷಿಯಲ್ಲಿ ಈಗಲೇ ಬಂದೆ ಎಂದರು. ಆ ಖುಷಿಯಲ್ಲೇ ಮೂರು ಸೆಕೆಂಡಿನ ಕಾರಿನಲ್ಲಿ ಹೊರಟು ಬಂದರು. ಎರಡನೇ ತಿರುವಿನಲ್ಲಿ ನೆಂದ ಎಲೆಗಳು ಚರಚರ ಎನ್ನಲಿಲ್ಲ. ಟಯರು ನಿಂತಲ್ಲೇ ತಿರುಗಿದ ಸದ್ದು, ಆಮೇಲೆ ಧಡ್ ಎಂದು ಒಂದೇ ಸಲ.

ಒಂದು ಕಾಲಿನ ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ, ಓಡಿದೆ. ಅಷ್ಟು ದೂರ ಓಡುವಾಗ ನನಗೆ ಕೆಲಸದ ಯೋಚನೆ ಬರಲಿಲ್ಲ, ಮನೆಯ ಯೋಚನೆ ಬರಲಿಲ್ಲ. ದೇವರೇ, ಅವರಿಗೆ ಏನೂ ಆಗದಿರಲಿ ಎಂದಷ್ಟೇ. ಕಾರು ಚರಂಡಿಗೆ ಇಳಿದು, ಪಕ್ಕದ ಮಣ್ಣಿನ ದಿಬ್ಬಕ್ಕೆ ಒರಗಿ ನಿಂತಿತ್ತು. ಒಳಗಿನಿಂದ ಕಾರಿನದೇ ಒಂದು ಹೆಣ್ಣು ದನಿ ಇಂಗ್ಲಿಷಿನಲ್ಲಿ ಬಹಳ ನಯವಾಗಿ ಏನೋ ವಿಚಾರಿಸುತ್ತಿತ್ತು. ಸಾಹುಕಾರರು ಅದಕ್ಕೆ ಕನ್ನಡದಲ್ಲಿ ಬೈಯುತ್ತಿದ್ದರು. ಬೈಗುಳ ಕೇಳಿ ನನಗೆ ಹೋದ ಜೀವ ಬಂತು.

ಕಂಪನಿಯವರಿಗೆ ಫೋನು ಮಾಡಿದರೆ, ಹಗ್ಗ ಕಟ್ಟಿ ಎಳೆಯಬೇಡಿ, ಲಾರಿ ಕಳಿಸುತ್ತೇವೆ ಎಂದರು. ನಮ್ಮ ತಿರುವಿನಲ್ಲಿ ಲಾರಿ ತಿರುಗುವುದಿಲ್ಲ. ಕೊನೆಗೆ ಹಲಗೆಗಳನ್ನು ಹಾಸಿ, ತೋಟದ ಹೆಂಗಸರು, ಮೇಸ್ತ್ರಿ, ನಾನು, ಎಲ್ಲರೂ ಭುಜ ಕೊಟ್ಟು, ತಮಿಳು, ಮಲಯಾಳ, ಕನ್ನಡ ಮೂರರಲ್ಲೂ ಕೂಗು ಹಾಕಿ ತಳ್ಳಿ ಮೇಲಕ್ಕೆ ತಂದೆವು. ಕಾರಿನ ಒಂದು ಮಗ್ಗುಲು ಉದ್ದಕ್ಕೂ ಸಿಪ್ಪೆ ಸುಲಿದ ಹಾಗೆ ಆಗಿತ್ತು. ಎಲ್ಲರೂ ಹೋದ ಮೇಲೆ ಸಾಹುಕಾರರು ಕಾಲಿನಿಂದ ಎಲೆಯ ರಾಶಿ ಕೆದಕಿದರು.

"ಇಷ್ಟೊಂದು ಎಲೆ ಇಲ್ಲಿ ಹೇಗೆ ಬಂತು ರೈಟ್ರೇ?"

ಮಣ್ಣಿನ ತೇವದ ಕಾರಣ ನಾಲಿಗೆಯ ತುದಿಯಲ್ಲೇ ಇತ್ತು. ಅವರು ಬಗ್ಗಿ ನೋವಿನ ಮೊಣಕಾಲು ತಿಕ್ಕಿಕೊಂಡರು. ಅದನ್ನು ನೋಡಿ ಸುಳ್ಳು ಹೇಳಲಾಗಲಿಲ್ಲ.

"ನಾನೇ ಹಾಕ್ಸಿದ್ದು ಸಾರ್. ನೀವು ಬರೋದು ಗೊತ್ತಾಗ್ಲಿ ಅಂತ. ಮಧ್ಯಾಹ್ನ ನಾನು ಮಲಗ್ತೀನಿ."

"ಮಲಗ್ತೀರಿ ಅಂತ ಇಪ್ಪತ್ತು ವರ್ಷದಿಂದ ಗೊತ್ತು," ಎಂದರು ಸಾಹುಕಾರರು. "ತೋಟಕ್ಕೆ ಹೋಗುವಾಗ ಸದ್ದು ಮಾಡ್ಕೊಂಡು ಹೋಗು, ಕಳ್ಳನ ಹಾಗೆ ನುಗ್ಗಬೇಡ ಅಂತ ನಮ್ಮಪ್ಪ ಹೇಳಿದ್ರು. ಆ ಜೀಪನ್ನ ನಾನು ಬೇಕೂಂತ್ಲೇ ಕಿರುಚಿಸ್ಕೊಂಡು ಬರ್ತಿದ್ದೆ. ಆವತ್ತು ನೀವು ಬಾಯಿ ಬಿಟ್ಕೊಂಡು ಮಲಗಿದ್ದು ನೋಡಿ ನನಗೇ ನಾಚ್ಕೆ ಆಯ್ತು, ಹೇಳ್ದೆ ಕೇಳ್ದೆ ಯಾರದೋ ಮನೆ ಒಳಗೆ ಬಂದ ಹಾಗೆ."

ಫೋನಿನ ಆ್ಯಪಿನ ವಿಷಯ ಕೇಳಿಯೇ ಬಿಟ್ಟೆ. ಈ ತೋಟಕ್ಕೂ ಅದನ್ನು ತರುವ ಯೋಚನೆ ಇತ್ತು ಎಂದು ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ತಾನು ಮಾಡಿದ ತಪ್ಪನ್ನು ಎದುರಿಗೆ ನಿಂತು ಹೇಳುವ ಆ್ಯಪ್ ಬರುವವರೆಗೆ ನೀವೇ ಇರಿ ಎಂದರು. ದಾರಿಯನ್ನು ಇವತ್ತೇ ಗುಡಿಸಬೇಕು ಎಂದೂ ಹೇಳಿದರು.

ಮರುದಿನದಿಂದ ಕಾರು ಟಾರು ರಸ್ತೆ ಬಿಡುವಾಗಲೇ ಹಾರ್ನು ಕೇಳಿಸತೊಡಗಿತು. ಅಷ್ಟು ದೊಡ್ಡ ಕಾರಿಗೆ ಎಷ್ಟು ಸಭ್ಯವಾದ ಹಾರ್ನು ಅಂತೀರಿ, ಪೀಂ ಪೀಂ ಎಂದು ಎರಡೇ ಸಲ. ಎದ್ದು, ಮುಖ ತೊಳೆದು, ಕೂರಲು ಬೇಕಾದಷ್ಟು ಸಮಯ. ನಾನು ಈಗಲೂ ಊಟ ಮಾಡಿ ಗೋಣಿಚೀಲದ ಮೇಲೆ ಉರುಳುತ್ತೇನೆ. ನನ್ನನ್ನು ಎಬ್ಬಿಸಲೆಂದೇ ಒಬ್ಬರು ಕೆಳಗಿನಿಂದ ಹಾರ್ನು ಹೊಡೆಯುತ್ತಾರೆ ಎಂದು ಗೊತ್ತಾದ ಮೇಲೆ ಒಂದು ದಿನವೂ ನಿದ್ದೆ ಹತ್ತಿಲ್ಲ. ಹೆಂಚು ನೋಡುತ್ತಾ ಮಲಗಿರುತ್ತೇನೆ.

ಮೊನ್ನೆ ಸಾಹುಕಾರರು ಆಫೀಸಿಗೆ ಬಂದವರು ನನ್ನ ಮುಖ ನೋಡಿ ನಿಂತರು.

"ಏನ್ ರೈಟ್ರೇ, ಕಣ್ಣು ಕೆಂಪಾಗಿದೆ. ನಾಳೆಯಿಂದ ಅರ್ಧ ಗಂಟೆ ತಡವಾಗಿ ಬರ್ಲಾ?"