ಅತ್ತೆ ಉಂಡ ಮೇಲೆ

ಸೊಲ್ಲಾಪುರದ ಡಾಕ್ಟರು ಅಂಗೈಯನ್ನು ಬಟ್ಟಲಿನ ಹಾಗೆ ಮಡಚಿ ತೋರಿಸಿದರು. ಒಂದು ಸಲಕ್ಕೆ ಇಷ್ಟು, ಇದಕ್ಕಿಂತ ಹೆಚ್ಚಿಲ್ಲ. ಬಹಳ ವರ್ಷ ಹುಣ್ಣಿನಿಂದ ನರಳಿದ್ದ ಅವ್ವನ ಜಠರದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಕತ್ತರಿಸಿ ತೆಗೆದಿದ್ದರು. ಉಳಿದದ್ದು ಚಿಕ್ಕದು; ಆದ್ದರಿಂದ ಎರಡು ತಾಸಿಗೊಮ್ಮೆ ಸ್ವಲ್ಪ ಸ್ವಲ್ಪ ಉಣ್ಣಬೇಕು, ಅಗಿದು ನುಂಗಬೇಕು, ಊಟದ ನಡುವೆ ನೀರು ಕುಡಿಯಬಾರದು, ಸಿಹಿ ಮುಟ್ಟಬಾರದು. ಒಂದೂವರೆ ತಿಂಗಳಿಗೆ ಮತ್ತೆ ಬನ್ನಿ, ತೂಕ ಇಳಿದಿದ್ದರೆ ಪುನಃ ಸೇರಿಸಿಕೊಳ್ಳಬೇಕಾಗುತ್ತದೆ ಎಂದರು. ಅಪ್ಪ ಎಲ್ಲದಕ್ಕೂ ತಲೆಯಾಡಿಸಿದರು. ಅವ್ವ ಒಂದೇ ಪ್ರಶ್ನೆ ಕೇಳಿದಳು.

"ಮುಂಜಾನಿ ಎದ್ದಕೂಡ್ಲೆ ಉಣಬೇಕೇನ್ರಿ?"

"ಮತ್ತೆ? ಎದ್ದ ಕೂಡಲೇ" ಎಂದರು ಡಾಕ್ಟರು. ಆ ಪ್ರಶ್ನೆ ಯಾಕೆ ಬಂತೆಂದು ಅವರಿಗೆ ಗೊತ್ತಾಗುವಂತಿರಲಿಲ್ಲ.

ನಮಗೆ ಗೊತ್ತಿತ್ತು. ಶಹಾಬಾದಿನ ನಮ್ಮ ಮನೆಯಲ್ಲಿ ಸೊಸೆ ಅತ್ತೆಗಿಂತ ಮೊದಲು ಉಣ್ಣುವ ಪದ್ಧತಿ ಇರಲಿಲ್ಲ. ಅಪ್ಪನ ಕಾರ್ಖಾನೆಯ ಪಾಳಿ ವಾರವಾರ ಬದಲಾಗುತ್ತಿದ್ದುದರಿಂದ ಗಂಡ ಉಂಡ ಮೇಲೆ ಹೆಂಡತಿ ಎಂಬುದು ಎಂದೋ ಸಡಿಲವಾಗಿತ್ತು. ಅತ್ತೆಯ ವಿಷಯ ಸಡಿಲವಾಗಿರಲಿಲ್ಲ. ಆಯಿ, ಅಂದರೆ ಅಪ್ಪನ ತಾಯಿ, ಸ್ನಾನ ಪೂಜೆ ಮುಗಿಸಿ ತಾಟಿನ ಮುಂದೆ ಕೂರುವಷ್ಟರಲ್ಲಿ ಬಿಸಿಲು ಅಂಗಳಕ್ಕೆ ಹಾಸಿದ ಪರ್ಸಿಕಲ್ಲುಗಳನ್ನು ಕಾಯಿಸಿಬಿಟ್ಟಿರುತ್ತಿತ್ತು. ಸೋಮವಾರವಂತೂ ಆಕೆ ಸಂಜೆಯ ಪೂಜೆಯವರೆಗೆ ಹನಿ ನೀರನ್ನೂ ಮುಟ್ಟುತ್ತಿರಲಿಲ್ಲ. ಮದುವೆಯಾಗಿ ಬಂದಂದಿನಿಂದ ಅವ್ವನೂ ಸೋಮವಾರ ಸಂಜೆಗೇ ಉಣ್ಣುತ್ತಿದ್ದಳು.

ಆಯಿ ಕೆಟ್ಟ ಅತ್ತೆಯಾಗಿರಲಿಲ್ಲ. ಆಸ್ಪತ್ರೆಯಿಂದ ಬಂದ ದಿನವೇ ಹೇಳಿದಳು: "ನಿನಗ ಯಾವಾಗ ಹಸಿವಾಗ್ತದ ಆವಾಗ ಉಣ್ಣು. ಯಾರ್ ಬ್ಯಾಡ ಅಂತಾರ?"

"ಹ್ಞೂಂ ರಿ ಅತ್ತಿ, ಉಣ್ತೀನಿ" ಎಂದಳು ಅವ್ವ. ಉಣ್ಣಲಿಲ್ಲ.

ನಾನು ಆಗ ಗುಲಬರ್ಗಾದ ಒಂದು ಪತ್ರಿಕೆಯಲ್ಲಿದ್ದೆ. ವಾರದ ರಜೆ ಸೋಮವಾರ. ರವಿವಾರ ಕೆಲಸ ಮುಗಿಸಿ ರೈಲು ಹಿಡಿದು ಬರುತ್ತಿದ್ದೆ. ಬಂದಾಗಲೆಲ್ಲ ಅವ್ವ ಇನ್ನಷ್ಟು ತೆಳ್ಳಗೆ ಕಾಣುತ್ತಿದ್ದಳು. ಗಾಜಿನ ಬಳೆ ಮಣಿಕಟ್ಟಿನಿಂದ ಜಾರಿ ಮೊಣಕೈವರೆಗೆ ಹೋಗುತ್ತಿತ್ತು. ಎದುರುಮನೆಯ ಕಾಕು ನೋಡಲು ಬಂದವಳು ಗಲ್ಲಕ್ಕೆ ಕೈಹಚ್ಚಿ ಅಂದಳು: "ಅರ್ಧ ಹೊಟ್ಟಿ ತಗದಾರಂತಲ್ಲ! ಇನ್ನ ನಿಮ್ಮ ಮನ್ಯಾಗ ರೇಷನ್ ಚಿಂತಿ ಇಲ್ಲ ಬಿಡವಾ."

"ನಗಿಸಬ್ಯಾಡ್ರಿ ಕಾಕು, ಹೊಲಿಗಿ ಬಿಚ್ತಾವ" ಎಂದು ಅವ್ವ ಹೊಟ್ಟೆ ಹಿಡಿದುಕೊಂಡಳು.

ನಡುವೆ ಸೇಡಂನಿಂದ ಸೋದರಮಾವ ಡಬ್ಬಿ ತುಂಬ ಅಂಟಿನ ಉಂಡಿ ತಂದ. ಬಾಣಂತಿಯರಿಗೆ ಶಕ್ತಿ ಬರಲೆಂದು ಬೆಲ್ಲ ತುಪ್ಪ ಹಾಕಿ ಕಟ್ಟುವ ಉಂಡಿ. ಹೊಟ್ಟೆ ಕೊಯ್ಸಿಕೊಂಡವರಿಗೂ ಅದೇ ಒಳ್ಳೆಯದೆಂದು ತವರಿನವರು ತಿಳಿದಿದ್ದರು. ಅವ್ವ ಹಸಿದಿದ್ದಳು, ತವರಿನದು ಬೇರೆ; ಒಂದನ್ನು ಪೂರ್ತಿ ತಿಂದಳು. ಸ್ವಲ್ಪ ಹೊತ್ತಿಗೆ ಎದೆ ಡಬಡಬ ಹೊಡೆದುಕೊಂಡು ಮೈಯೆಲ್ಲ ಬೆವರಿ ನೆಲಕ್ಕೆ ಒರಗಿದಳು. ಚಿಕ್ಕದಾದ ಜಠರದಲ್ಲಿ ಸಿಹಿ ನಿಲ್ಲುವುದಿಲ್ಲ, ಕರುಳಿಗೆ ಒಮ್ಮೆಲೇ ಇಳಿಯುತ್ತದೆ, ಡಾಕ್ಟರು ಬೇಡವೆಂದದ್ದು ಅದಕ್ಕೇ. ತಾಸಿನೊಳಗೆ ಸರಿಹೋದಳು. ಆದರೆ ಅಂದಿನಿಂದ ಅನ್ನದ ಬಗ್ಗೆಯೇ ಒಂದು ಅಂಜಿಕೆ ಸೇರಿಕೊಂಡಿತು. ಮೊದಲು ಸಂಕೋಚವಿತ್ತು, ಈಗ ಭಯವೂ ಜೊತೆಯಾಯಿತು. ಉಂಡಿಗಳನ್ನು ಆಯಿ ಮತ್ತು ನಾನು ಮುಗಿಸಿದೆವು.

ಅದಾದ ಮೇಲಿನ ಸೋಮವಾರ ನಾನು ಮನೆಯಲ್ಲೇ ಇದ್ದೆ. ಅವ್ವ ಬೆಳಿಗ್ಗೆ ಕಾಲು ರೊಟ್ಟಿ ಮುರಿದು ಬಿಸಿ ಬ್ಯಾಳಿಯಲ್ಲಿ ನೆನೆಹಾಕಿ, ಬಟ್ಟಲಿನ ಮೇಲೆ ತಾಟು ಮುಚ್ಚಿ ಒಲೆಯ ಪಕ್ಕ ಇಟ್ಟಳು. ಪಾಳಿ ಬಿಡುವ ಹೊತ್ತಿಗೆ ಕಾರ್ಖಾನೆಯ ಭೋಂಗಾ ಕೂಗಿತು. ರಾತ್ರಿ ಪಾಳಿ ಮುಗಿಸಿ ಅಪ್ಪ ಬಂದರು, ಸ್ನಾನ ಮಾಡಿದರು. ಬಟ್ಟಲು ಮುಚ್ಚಿದ ಹಾಗೇ ಇತ್ತು. ಅವ್ವ ಗೋಡೆಗೆ ಒರಗಿ ಕೂತಿದ್ದಳು.

ಅಪ್ಪ ದನಿ ಏರಿಸಿದರು. "ಡಾಕ್ಟರ್ ಏನ್ ಹೇಳ್ಯಾರ? ಮತ್ತ ಸೊಲ್ಲಾಪುರದಾಗ ಹೋಗಿ ಮಲಗ್ಬೇಕಂತ ಮಾಡಿಯೇನು?"

"ಇವತ್ತ ಸೋಮವಾರ ಅದ ರಿ" ಎಂದಳು ಅವ್ವ, ಮೆಲ್ಲಗೆ. "ಅತ್ತಿ ಬಾಯಾಗ ಹನಿ ನೀರು ಹಾಕಿಲ್ಲ. ನಾ ಹ್ಯಾಂಗ ತುತ್ತು ಇಟ್ಕೊಳ್ಳಲಿ? ಗಂಟಲದಾಗ ಇಳಿಯಂಗಿಲ್ಲ ನನಗ."

ಪಡಸಾಲೆಯಲ್ಲಿ ಆಯಿ ಇದ್ದಳು. ಕೇಳಿಸಿರಬೇಕು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಬಂದು ಒಲೆಯ ಮುಂದೆ ಕೂತಳು. ನಮ್ಮ ಯಾರ ಮುಖವನ್ನೂ ನೋಡಲಿಲ್ಲ.

"ನಂಗ ಹಸಿವಾಗ್ಯಾದ. ಏನರ ಅದ ಏನು ಮನ್ಯಾಗ?"

ಅಪ್ಪನಿಗೆ ನೆನಪಿರುವಷ್ಟು ಕಾಲದಲ್ಲಿ ಆಕೆ ಸೋಮವಾರ ಹಗಲು ಉಂಡಿರಲಿಲ್ಲ.

"ಸೋಮವಾರ ಅದ ರಿ ಅತ್ತಿ" ಎಂದಳು ಅವ್ವ.

"ಸೋಮವಾರ ಅಂತ ನನಗ ಗೊತ್ತದ. ಹೊಟ್ಟಿಗಿ ಗೊತ್ತಿಲ್ಲ. ತಾ ಇಲ್ಲಿ."

ಅವ್ವ ಇನ್ನೊಂದು ಬಟ್ಟಲಿಗೆ ರೊಟ್ಟಿಯ ಚೂರು ಹಾಕಿ ಬ್ಯಾಳಿ ಸುರಿದುಕೊಟ್ಟಳು. ಆಯಿ ಒಂದು ಕ್ಷಣ ಕಣ್ಣು ಮುಚ್ಚಿ, ಕೊರಳಿನ ಲಿಂಗವನ್ನು ಮುಟ್ಟಿಕೊಂಡು, ಉಂಡಳು. ಎರಡು ಮೂರು ತುತ್ತು, ಅಷ್ಟೆ. ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

"ನಾ ಉಂಡೆ. ಇನ್ನ ನೀ ಕುಂದ್ರು."

ಅವ್ವ ಕೂತಳು. ತಾಟು ಸರಿಸಿ, ಆರಿಹೋಗಿದ್ದ ಬ್ಯಾಳಿಯಲ್ಲಿ ಮೆತ್ತಗಾದ ರೊಟ್ಟಿಯನ್ನು ನಿಧಾನವಾಗಿ ಅಗಿಯತೊಡಗಿದಳು. ಆಯಿ ಎದುರಿಗೆ ಕೂತು ಕೊನೆಯ ತುತ್ತಿನವರೆಗೂ ನೋಡಿದಳು. ಅಪ್ಪ ಚಪ್ಪಲಿ ಹುಡುಕುವವರಂತೆ ಹೊರಗೆ ಹೋಗಿ, ಬಹಳ ಹೊತ್ತು ಒಳಗೆ ಬರಲಿಲ್ಲ.

ಅಲ್ಲಿಂದ ಮುಂದೆ ಅದೇ ಕ್ರಮವಾಯಿತು. ಭೋಂಗಾ ಕೂಗಲಿ, ವಾಡಿ ಕಡೆಯ ಪ್ಯಾಸೆಂಜರ್ ಹೋಗಲಿ, ಆಯಿ ಕೂಗುತ್ತಿದ್ದಳು: "ಏ, ನಂಗ ಹಸಿವಾಯ್ತು ನೋಡು!" ಆಕೆಗೊಂದು ತುತ್ತು, ಹಿಂದೆಯೇ ಅವ್ವನಿಗೆ ಒಂದು ಬಟ್ಟಲು. ಒಮ್ಮೆ ನುಚ್ಚು ಮಜ್ಜಿಗೆ, ಒಮ್ಮೆ ಬ್ಯಾಳಿ ಅನ್ನ. ಪದ್ಧತಿ ಮುರಿಯಲಿಲ್ಲ, ಡಾಕ್ಟರ ಮಾತೂ ನಡೆಯಿತು. ಯಾರೂ ಅದರ ಬಗ್ಗೆ ಚರ್ಚಿಸಲಿಲ್ಲ. ಎದುರುಮನೆಯ ಕಾಕು ಮಾತ್ರ ಬಿಡಲಿಲ್ಲ.

"ಏನಾಯಿ, ಆಪರೇಷನ್ ಸೊಸಿಗಿ ಆದ್ರ ಹಸಿವು ನಿನಗ ಹೆಚ್ಚಾಯ್ತಲ್ಲ?"

"ಏನ್ ಮಾಡ್ಲಿ? ಆಕಿ ಹೊಟ್ಟ್ಯಾಗ ಜಾಗ ಇಲ್ಲ. ಆಕಿ ಪಾಲಿಂದೂ ನಾನೇ ಉಣಬೇಕಾಗ್ಯಾದ" ಎಂದಳು ಆಯಿ.

ವರ್ಷದ ಮೇಲೆ ಅವ್ವ ಒಂದು ಪೂರ್ತಿ ರೊಟ್ಟಿ ಅರಗಿಸಿಕೊಳ್ಳುವಂತಾದಳು. ಅದಕ್ಕಿಂತ ಹೆಚ್ಚು ಅವಳಿಗೆ ಎಂದೂ ಹಿಡಿಸಲಿಲ್ಲ, ಬೇಕಾಗಲೂ ಇಲ್ಲ. ಆದರೆ ನಮಗೆ ಜೀವ ಬಂದದ್ದು ಅದಕ್ಕೂ ಮೊದಲು, ಡಾಕ್ಟರು ಬರಹೇಳಿದ್ದ ದಿನ. ಅದೂ ಸೋಮವಾರವೇ. ಹೊರಡುವಾಗ ಆಯಿ ಬುತ್ತಿಯ ಗಂಟು ಅವ್ವನ ಕೈಗಿಟ್ಟು ಹೇಳಿದಳು: "ತಿರುಗಿ ಬರೂವಾಗ ದುಧನಿ ಸ್ಟೇಷನ್ ಬಂದಕೂಡ್ಲೆ ಬಿಚ್ಚು. ಮಧ್ಯಾಹ್ನದ ಭೋಂಗಾಕ್ಕ ನಾ ಇಲ್ಲಿ ಉಂಡಿರ್ತೀನಿ."

ಆಸ್ಪತ್ರೆಯ ತೂಕದ ಕಾಟಾದ ಮೇಲೆ ಅವ್ವ ನಿಂತಳು. ಮುಳ್ಳು ಹಿಂದಿನ ಗೆರೆಯನ್ನು ದಾಟಿ, ಕೊಂಚ ಮುಂದೆ ಹೋಗಿ ನಿಂತಿತು. "ಚೆನ್ನಾಗಿದೆ, ಹೀಗೇ ನಡೆಸಿ" ಎಂದರು ಡಾಕ್ಟರು. ಹೊರಗೆ ಬಂದು ಅಪ್ಪ ಒಂದಾದ ಮೇಲೊಂದು ಎರಡು ಕಪ್ ಚಹಾ ಕುಡಿದರು.

ದುಧನಿಯಲ್ಲಿ ಅವ್ವ ಗಂಟು ಬಿಚ್ಚಿದಳು, ಹಿಂದೆಮುಂದೆ ನೋಡದೆ ಉಂಡಳು. ಗುಲಬರ್ಗಾದ ಹತ್ತಿರ ಸಿಗ್ನಲ್ ಸಿಗದೆ ಗಾಡಿ ಬಹಳ ಹೊತ್ತು ನಿಂತಿತು. ಮನೆ ಮುಟ್ಟುವಷ್ಟರಲ್ಲಿ ದೀಪ ಹಚ್ಚಿದ್ದರು. ಆಯಿ ಬಾಗಿಲಲ್ಲೇ ಇದ್ದಳು. ತೂಕದ ಸುದ್ದಿಯನ್ನು ಅಪ್ಪ ಕಟ್ಟೆಯ ಕೆಳಗಿನಿಂದಲೇ ಹೇಳಿಬಿಟ್ಟರು. ಆಕೆ ಅವ್ವನ ಕೈ ಹಿಡಿದು ಬಳೆ ಎಲ್ಲಿಯವರೆಗೆ ಜಾರುತ್ತದೆ ಎಂದು ನೋಡಿದಳು.

"ಉಂಡ್ರೇನ್ರಿ ಅತ್ತಿ?" ಎಂದಳು ಅವ್ವ.

"ಎರಡ್ ಸಲ ಉಂಡೆ. ಗಾಡಿ ತಡ ಆಯ್ತಲ್ಲ, ಎಲ್ಲಿ ಹಸಕೊಂಡು ಕುಂತಿರ್ತಿ ಅಂತ."

"ನಾನೂ ಎರಡ್ ಸಲ ಉಂಡೆ ರಿ" ಎಂದಳು ಅವ್ವ. "ನೀವು ಉಂಡಿರ್ತೀರಿ ಅಂತ ಗೊತ್ತಿತ್ತು."